ಹಾಸಿದ ಹುಲ್ಲು

ಫುಟ್‌ಬಾಲ್ ಆಟವಿದ್ದ ದಿನ ಬೆಳಿಗ್ಗೆ ಆರಕ್ಕೆಲ್ಲ ಚಿಕ್ಕಮ್ಮ ಮೈದಾನಕ್ಕಿಳಿದು ನೆಲಕ್ಕೆ ಬೀಗದ ಕೈ ಚುಚ್ಚಿ ನೋಡುತ್ತಿದ್ದಳು. ಸಾಮಾನು ಕೋಣೆಯ ಹಳೆಯ ಹಿತ್ತಾಳೆ ಬೀಗದ ಕೈ ಅದು, ಬೆರಳಿಗಿಂತ ಉದ್ದ. ಸಲೀಸಾಗಿ ಬುಡದವರೆಗೆ ಇಳಿದರೆ ನೆಲ ಮೆತ್ತಗಿದೆ ಎಂದು ಬೂಟಿನ ಅಡಿಗೆ, ಕಾಲು ಜಾರದಂತೆ, ಉದ್ದ ಸ್ಟಡ್ ಮೊಳೆ. ಅರ್ಧಕ್ಕೆ ನಿಂತರೆ ಗಿಡ್ಡ ಸ್ಟಡ್. ಇಪ್ಪತ್ತೊಂಬತ್ತು ವರ್ಷ ಹದಿನೆಂಟು ಜೊತೆ ಬೂಟುಗಳಿಗೆ ತಾನೇ ಕೂತು ಸ್ಟಡ್ ತಿರುಪಿದವಳು. ತಂಡದ ಬಟ್ಟೆ ಒಗೆಯುವುದು, ಹರಿದದ್ದು ಹೊಲಿಯುವುದು, ಬೂಟು ಸಿದ್ಧಮಾಡುವುದು ಎಲ್ಲ ಅವಳದೇ ಕೆಲಸ. ಅವಳ ಬೂಟು ಹಾಕಿಕೊಂಡು ಜಾರಿದೆ ಅಂತ ದೂರು ಹೇಳಿದ ಆಟಗಾರ ಇನ್ನೂ ಹುಟ್ಟಿರಲಿಲ್ಲ.

ನಿಜಕ್ಕೂ ಅವಳನ್ನು ಚಿಕ್ಕಮ್ಮ ಎನ್ನಬೇಕಾದವನು ಒಬ್ಬನೇ, ತೀರಿಹೋದ ಅಕ್ಕನ ಮಗ. ಒಗೆದ ಜೆರ್ಸಿಗಳ ರಾಶಿಯ ಮೇಲೆ ಮಲಗಿ ಬೆಳೆದವನು, ಈಗ ತಂಡದ ನಾಯಕ. ಗೋಲಿನ ಮುಂದೆ ನಿಂತರೆ ದಾಟಿ ಹೋಗುವವರಿಲ್ಲ ಎಂದು ಊರೆಲ್ಲ ಅವನನ್ನು 'ಗೋಡೆ' ಎನ್ನುತ್ತಿತ್ತು. ಅವನು ಕರೆದನೆಂದು ತಂಡದವರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆದರು.

ಎರಡು ವರ್ಷದ ಹಿಂದೆ ಕ್ಲಬ್ಬಿಗೆ ಹೊಸ ಧಣಿ ಬಂದ. ನೆಲಕ್ಕೆ ಹಾಕುವ ಟೈಲ್ಸ್ ಮಾರಿ ದುಡ್ಡು ಮಾಡಿದವನು. ಚೆಂಡು ಅವನ ಕಾಲಿಗೆ ತಗುಲಿದ್ದು ಫೋಟೋದಲ್ಲಿ ಮಾತ್ರ. ಆದರೂ ಬಂದ ಮೊದಲ ವರ್ಷವೇ ಹಳೆಯ ಕೋಚನ್ನು ಫೋನಿಗೊಂದು ಸಂದೇಶ ಕಳಿಸಿ ಮನೆಗೆ ಅಟ್ಟಿದ. ಗೋಲು ಹೊಡೆಯುವ ಹುಡುಗ ಟೈಲ್ಸ್ ಜಾಹೀರಾತಿನಲ್ಲಿ ನಗಲಿಲ್ಲವೆಂದು ಅವನನ್ನು ಬೇರೆ ಕ್ಲಬ್ಬಿಗೆ ಮಾರಿದ. ಯಾರು ಆಡಬೇಕು, ಯಾರು ಕೂರಬೇಕು ಎಂಬುದು ಅವನ ಫೋನಿನಿಂದಲೇ ಬರತೊಡಗಿತು. ಪಟ್ಟಿಯ ಮೇಲಿನ ಮೂರರಲ್ಲಿ ಇರುತ್ತಿದ್ದ ತಂಡ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯ ಆಟದ ಹೊತ್ತಿಗೆ ಮೊದಲ ಡಿವಿಷನ್ನಿನ ಹೊಸ್ತಿಲಲ್ಲಿ ನೇತಾಡುತ್ತಿತ್ತು. ಆ ಆಟ ಸಮವಾದರೂ ಸಾಕು, ಉಳಿದುಕೊಳ್ಳುತ್ತದೆ. ಸೋತರೆ ಕೆಳಗಿನ ಡಿವಿಷನ್ನು.

ಅಂಥ ಆಟಕ್ಕೆ ಎರಡು ವಾರವಿದೆ ಎನ್ನುವಾಗ ಪುಣ್ಯಾತ್ಮ ಮೈದಾನವನ್ನು ಕಾರು ಪ್ರದರ್ಶನಕ್ಕೆ ಬಾಡಿಗೆಗೆ ಕೊಟ್ಟ. ನಾಲ್ಕು ದಿನ ನೂರಾರು ಕಾರುಗಳು ಆ ನೆಲವನ್ನು ತುಳಿದು ಕಲ್ಲು ಮಾಡಿದವು. ಹುಲ್ಲು ಸತ್ತಿತು. ಮಣ್ಣು ಅಗೆದು, ಸಡಿಲಿಸಿ, ಬೇರಿಗೆ ಉಸಿರು ಕೊಡಬೇಕು ಎಂದು ಮಾಲಿ ಗೋಗರೆದ. ಧಣಿ ಮಾಲಿಯನ್ನೂ ಮನೆಗೆ ಕಳಿಸಿ, ಆಟಕ್ಕೆ ಎರಡು ದಿನ ಮುಂಚೆ ಎಲ್ಲಿಂದಲೋ ಚಾಪೆಯಂತೆ ಸುತ್ತಿಟ್ಟ ಹುಲ್ಲಿನ ಸುರುಳಿಗಳನ್ನು ತರಿಸಿ, ಕಲ್ಲಾಗಿದ್ದ ನೆಲದ ಮೇಲೆ ಉದ್ದಕ್ಕೂ ಹಾಸಿಸಿಬಿಟ್ಟ. ಟೈಲ್ಸ್ ಮಾರುವವನಿಗೆ ಎಲ್ಲ ನೆಲವೂ ಒಂದೇ, ಮೇಲೆ ಏನಾದರೂ ಹೊದಿಸಿದರೆ ಮುಗಿಯಿತು.

ಆ ಬೆಳಿಗ್ಗೆ ಚಿಕ್ಕಮ್ಮ ಗೋಲಿನ ಮುಂದೆ ಕೂತು ಬೀಗದ ಕೈ ಚುಚ್ಚಿದಳು. ಅದು ಒಂದು ಗೆಣ್ಣಿನಷ್ಟು ಇಳಿದು ಟಕ್ಕೆಂದು ನಿಂತಿತು. ಮೈಭಾರ ಹಾಕಿ ಒತ್ತಿದಳು. ಇಪ್ಪತ್ತೊಂಬತ್ತು ವರ್ಷ ಬಾಳಿದ ಬೀಗದ ಕೈ ನಡುವಿಗೆ ಬಗ್ಗಿತು.

ಓಡಿಹೋಗಿ ಕೋಚಿಗೆ ತೋರಿಸಿದಳು. ಆ ವರ್ಷದ ಮೂರನೆಯ ಕೋಚು ಅವನು. ಈ ನೆಲಕ್ಕೆ ಯಾವ ಸ್ಟಡ್ಡೂ ಆಗದು, ಹುಲ್ಲೇ ಕಾಲಿನ ಜೊತೆ ಕಿತ್ತುಬರುತ್ತದೆ, ಆಟವನ್ನು ಬೇರೆ ಮೈದಾನಕ್ಕೆ ಹಾಕಿಸಿ ಎಂದಳು. ಅವನು ಬಗ್ಗಿದ ಬೀಗದ ಕೈಯನ್ನೇ ನೋಡುತ್ತ ನಿಂತ.

"ಚಿಕ್ಕಮ್ಮ, ನಾನು ಬಂದು ತಿಂಗಳಾಯ್ತು, ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ," ಎಂದ. "ಧಣಿಗೆ ಹೇಳೋಕೆ ಹೋದ್ರೆ ಬಿಚ್ಚೋದೇ ಬೇಕಾಗಲ್ಲ."

ಸರಿ, ಬೀಗದ ಕೈ ಹಿಡಿದುಕೊಂಡು ತಾನೇ ಹೋದಳು. ಧಣಿ ಮೇಲಿನ ಗಾಜಿನ ಕೋಣೆಯಲ್ಲಿ ಅತಿಥಿಗಳಿಗೆ ಕುರ್ಚಿ ಹಾಕಿಸುತ್ತಿದ್ದ. ಅವಳ ಮಾತು ಅರ್ಧಕ್ಕೇ ತಡೆದು, "ಟಿವಿಲಿ ಹಸಿರಾಗಿ ಕಾಣುತ್ತಲ್ಲಮ್ಮ, ಇನ್ನೇನು ಬೇಕು ನಿಂಗೆ?" ಎಂದು ನಕ್ಕ. ಅತಿಥಿಗಳೂ ನಕ್ಕರು.

ಆಟ ಶುರುವಾಗಿ ಎಂಬತ್ತು ನಿಮಿಷದವರೆಗೆ ಗೋಡೆ ಗೋಡೆಯಾಗಿಯೇ ನಿಂತಿದ್ದ. ಎರಡೂ ಕಡೆ ಗೋಲಿಲ್ಲ. ಎಂಬತ್ತೊಂದನೆಯದರಲ್ಲಿ ಎದುರಾಳಿ ಚೆಂಡು ತಂದ, ಗೋಡೆ ಅಡ್ಡಗಟ್ಟಲು ಎಡಗಾಲೂರಿ ತಿರುಗಿದ. ಕಾಲ ಕೆಳಗಿನ ಹುಲ್ಲು ಮಂಚದ ಹೊದಿಕೆಯ ಹಾಗೆ ಸರಿಯಿತು. ಅವನು ಮಕಾಡೆ ಬಿದ್ದ, ಚೆಂಡು ಬಲೆ ಸೇರಿತು. ಇಪ್ಪತ್ತಾರು ವರ್ಷ ಮೊದಲ ಡಿವಿಷನ್ನಿನಲ್ಲಿದ್ದ ಕ್ಲಬ್ಬು ಅಂದು ಕೆಳಕ್ಕೆ ಬಿತ್ತು.

ಮರುದಿನ ಧಣಿ ಕಾರಣ ಕಂಡುಹಿಡಿದ. ಸ್ಟಡ್ ತಪ್ಪಾಗಿತ್ತಂತೆ! ಕಚೇರಿಯ ಗುಮಾಸ್ತ ಟೈಪಾದ ಒಂದು ಕಾಗದ ತಂದು ಚಿಕ್ಕಮ್ಮನ ಮುಂದಿಟ್ಟ. 'ನನ್ನ ಅಜಾಗರೂಕತೆಯಿಂದ ತಪ್ಪು ಸ್ಟಡ್ ಹಾಕಿದ್ದರಿಂದ ನಾಯಕರು ಜಾರಿಬಿದ್ದರು' ಎಂದಿತ್ತು. ಸಂಜೆ ನಾಲ್ಕಕ್ಕೆ ಪತ್ರಕರ್ತರ ಮುಂದೆ ಸಹಿ ಹಾಕಬೇಕಂತೆ. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಕಾರು ನಿಲ್ಲಿಸಿದವನು ಯಾರು, ಮಾಲಿಯನ್ನು ಓಡಿಸಿದವನು ಯಾರು, ತಲೆ ಕೊಡಬೇಕಾದವಳು ಯಾರು!

ಮಧ್ಯಾಹ್ನ ಗೋಡೆ ಬಂದು ಒಗೆಯುವ ಯಂತ್ರಕ್ಕೆ ಒರಗಿ ನಿಂತ. ಅವನಿಗೆ ಮೂವತ್ತಮೂರು. ಮನೆಯಲ್ಲಿ ಎರಡು ಮಕ್ಕಳು. ಅವನ ಒಪ್ಪಂದ ಈ ತಿಂಗಳಿಗೆ ಮುಗಿಯುತ್ತಿತ್ತು.

"ನೀನು ಸಹಿ ಹಾಕಿದ್ರೆ ನಂಗೆ ಇನ್ನೆರಡು ವರ್ಷ ಕೊಡ್ತಾರಂತೆ," ಎಂದ, ಅವಳ ಮುಖ ನೋಡದೆ. "ಒಂದು ಸಹಿ ತಾನೇ, ಚಿಕ್ಕಮ್ಮ."

ಧಣಿಯ ಕಾಗದ ಅಷ್ಟು ಚುಚ್ಚಿರಲಿಲ್ಲ. ಇದು ಚುಚ್ಚಿತು. ಸಾಕಿದ ಕೈಯ ಸಹಿಯನ್ನೇ ಕೇಳುತ್ತಿದ್ದಾನಲ್ಲ! ಬೈಯಲಿಲ್ಲ. "ಬೂಟು ಬಿಚ್ಚು, ಬಾ," ಎಂದಳು.

ಬರಿಗಾಲಲ್ಲಿ ಅವನನ್ನು ಗೋಲಿನ ಮುಂದೆ, ಅವನು ಬಿದ್ದ ಜಾಗಕ್ಕೇ ಕರೆದೊಯ್ದಳು. ಬಾಗಿ ಹುಲ್ಲಿನ ಅಂಚಿಗೆ ಬೆರಳು ಹಾಕಿ ಎತ್ತಿದಳು. ಒಂದು ಬೇರೂ ಅಡ್ಡಬರಲಿಲ್ಲ. ಕೆಳಗೆ ಕಾರಿನ ಚಕ್ರದ ಗುರುತು ಅಚ್ಚೊತ್ತಿದ ಹಾಗೆ ಕೂತಿತ್ತು.

"ನಾನು ಇನ್ನೆಂಥ ಸ್ಟಡ್ ಹಾಕಬೇಕಿತ್ತೋ?" ಎಂದಳು. "ನೀನೇ ಹೇಳು. ನೀನು ಹೇಳಿದ್ರೆ ಈಗಲೇ ಸಹಿ ಹಾಕ್ತೀನಿ."

ಅವನು ಆ ಗುರುತಿನ ಮೇಲೆ ಪಾದವಿಟ್ಟು ನಿಂತ. ಅವಳು ಹಿಂದಿರುಗಿ ನೋಡದೆ ಕೋಣೆಗೆ ಹೋಗಿ ಉಳಿದ ಬಟ್ಟೆ ಒಗೆದಳು.

ನಾಲ್ಕಕ್ಕೆ ಧಣಿಯ ಕಚೇರಿ ಕಿಕ್ಕಿರಿದಿತ್ತು. ನೆಲದ ಬಿಳಿ ಟೈಲ್ಸಿನಲ್ಲಿ ಎಲ್ಲರ ಮುಖ ಕಾಣುತ್ತಿತ್ತು. ಕಾಗದ ಮೇಜಿನ ಮೇಲಿತ್ತು, ಪೆನ್ನಿನ ಮುಚ್ಚಳ ಕೂಡ ತೆಗೆದಿಟ್ಟಿದ್ದರು. ಚಿಕ್ಕಮ್ಮ ಪೆನ್ನು ಮುಟ್ಟಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ, ಬಗ್ಗಿದ ಬೀಗದ ಕೈ ತೆಗೆದು ಕಾಗದದ ಮೇಲಿಟ್ಟಳು. ನಿನ್ನೆ ಬೆಳಿಗ್ಗೆಯೇ ಇದನ್ನು ಕೋಚಿಗೂ ಧಣಿಗೂ ತೋರಿಸಿದ್ದೆ ಎಂದಳು. ಕೋಚು ಕಿಟಕಿಯಾಚೆ ನೋಡಿದ. ಕೆಲಸದವಳ ಮಾತಿಗೆ ಸಾಕ್ಷಿ ಯಾರು ಎಂದು ಧಣಿ ಪತ್ರಕರ್ತರತ್ತ ತಿರುಗಿ ಕೇಳಿದ.

ಆಗ ಬಾಗಿಲಲ್ಲಿ ಗದ್ದಲವಾಯಿತು. ಗೋಡೆ ಬಂದ, ಇನ್ನೂ ಬರಿಗಾಲಲ್ಲೇ. ಹೆಗಲ ಮೇಲೆ ಸುತ್ತಿದ ಹುಲ್ಲಿನ ಸುರುಳಿ, ಅಂಗಿಯ ತುಂಬ ಮಣ್ಣು. ನಡುಕೋಣೆಯಲ್ಲಿ ಅದನ್ನು ಇಳಿಸಿ ಕಾಲಿನಿಂದ ತಳ್ಳಿದ. ಅದು ತಾನಾಗಿಯೇ ಬಿಚ್ಚಿಕೊಂಡು ಧಣಿಯ ಬೂಟಿನವರೆಗೆ ಹಾಸಿಕೊಂಡಿತು.

"ಇದ್ರ ಮೇಲೆ ನಿಂತ್ಕೊಂಡು ಒಂದ್ಸಲ ತಿರುಗಿ ಧಣಿ," ಎಂದ. "ಆಮೇಲೆ ನಾನೇ ಸಹಿ ಹಾಕ್ತೀನಿ."

ಕ್ಯಾಮೆರಾಗಳೆಲ್ಲ ಕೆಳಗೆ ಬಾಗಿದವು. ಧಣಿ ಎರಡು ಹೆಜ್ಜೆ ಹಿಂದೆ ಸರಿದ.

"ಟೈಲ್ಸ್ ಮೇಲೆಲ್ಲ ಮಣ್ಣಾಯ್ತಲ್ಲ," ಎಂದ. "ಒರೆಸಮ್ಮ."

ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ, ಚಿಕ್ಕಮ್ಮನ ಕೈ ತಾನಾಗಿಯೇ ಹೆಗಲ ಮೇಲಿನ ಒರೆಸುವ ಬಟ್ಟೆಗೆ ಹೋಯಿತು. ಬಟ್ಟೆ ತೆಗೆದಳು. ಬಾಗಿ, ಅಕ್ಕನ ಮಗನ ಮಣ್ಣು ಮೆತ್ತಿದ್ದ ಪಾದಗಳನ್ನು ಒಂದೊಂದಾಗಿ ಒರೆಸಿ, ಬಟ್ಟೆಯನ್ನು ಆ ಕಾಗದದ ಮೇಲೆ ಇಟ್ಟು, ಅವನ ಕೈಹಿಡಿದು ಹೊರಗೆ ನಡೆದಳು.