ಮರಿಗೆಯ ಬಿಲ್ಲೆ

ಉಗಿದವರು ನೀರು ಕೂಡ ಬಿಟ್ಟಿರಲಿಲ್ಲ. ಪೇಸ್ಟಿನ ನೊರೆ ಒಣಗಿ ಕಲ್ಲಿನ ಬೇಸಿನ್ನಿಗೆ ಅಂಟಿಕೊಂಡಿತ್ತು. ಅದರ ನಡುವೆ ಹಳದಿ ಕಫದ ಎಳೆ, ಎಳೆಗೆ ಸಿಕ್ಕಿಕೊಂಡ ಗಡ್ಡದ ಕೂದಲು. ಚೌಡಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು, ಬ್ರಷ್ ಹಿಡಿದು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಬೇಸಿನ್ನಿನ ಅಂಚಿನಲ್ಲಿ ಒಂದು ಮುಕ್ಕು ಇತ್ತು. ಅವಳ ಹೆಬ್ಬೆರಳು ತಾನಾಗಿಯೇ ಹೋಗಿ ಅದರೊಳಗೆ ಕೂತಿತು. ಮದುವೆಯಾಗಿ ಬಂದ ವರ್ಷ ಅವಳ ಕೈಯಿಂದ ಒನಕೆ ಜಾರಿ ಆದ ಮುಕ್ಕು ಅದು. ಆವತ್ತು ಅತ್ತೆ ಎರಡು ಹೊತ್ತು ಮಾತಾಡಿಸಿರಲಿಲ್ಲ.

ವನಗೂರಿನ ಈ ಹೋಂಸ್ಟೇಯಲ್ಲಿ ಅವಳದು ಪಾತ್ರೆ ತೊಳೆಯುವ ಕೆಲಸ. ರೂಮು ನೋಡಿಕೊಳ್ಳುವ ಸುಮನಾ ಬಾರದ್ದರಿಂದ ಇವತ್ತೇ ಮೊದಲ ಸಲ ಹೊಸ ಕಾಟೇಜಿನ ಒಳಗೆ ಕಾಲಿಟ್ಟಿದ್ದಳು. ಬೇಸಿಗೆಯಲ್ಲಿ ಯಜಮಾನತಿ ಚೈತ್ರಶ್ರೀ ಅವಳ ಮನೆಯ ಮುಂದೆ ಜೀಪು ನಿಲ್ಲಿಸಿ, ಅಂಗಳದಲ್ಲಿದ್ದ ಹಿಟ್ಟು ನಾದುವ ಕಲ್ಲಿನ ಬೋಗುಣಿ ತೋರಿಸಿ, "ಚೌಡಮ್ಮ, ಈ ಕಲ್ಲುಮರಿಗೆ ನನಗೆ ಕೊಡ್ತೀಯಾ? ಚೆನ್ನಾಗಿಟ್ಕೋತೀನಿ" ಎಂದು ಕೇಳಿದ್ದರು. ಬಾಗಿಲಲ್ಲಿಟ್ಟು ಹೂ ತೇಲಿಬಿಡುತ್ತಾರೆ ಎಂದುಕೊಂಡಿದ್ದಳು ಚೌಡಮ್ಮ. ಅಂಥವರು ತನ್ನ ಜಗಲಿಯ ಮೇಲೆ ಕೂತು ನೀರು ಕುಡಿದ ಉಬ್ಬಿನಲ್ಲಿ, "ನಿಮ್ಮನೇಲಿದ್ರೇ ಅದಕ್ಕೆ ಚೆಂದ ಕಣ್ರಮ್ಮ, ತಗೊಂಡೋಗಿ" ಎಂದು ತಾನೇ ತೊಳೆದು ಜೀಪಿಗೆ ಎತ್ತಿಟ್ಟಿದ್ದಳು.

ಈಗ ಅದು ನುಣುಪು ಕಟ್ಟೆಯ ಮೇಲೆ, ಕೊಕ್ಕರೆ ಕತ್ತಿನ ನಲ್ಲಿಯ ಕೆಳಗೆ, ದೀಪ ಸುತ್ತಿದ ಕನ್ನಡಿಯ ಎದುರು ಕೂತಿತ್ತು. ಮೂರು ತಲೆಮಾರಿನ ಕೈಯ ಎಣ್ಣೆ ಕುಡಿದ ಬಳಪದ ಕಲ್ಲು ಕಪ್ಪಗೆ ಮಿರುಗುತ್ತಿತ್ತು. ತಳದಲ್ಲೊಂದು ತೂತು. ತೂತಿನ ಸುತ್ತ ಆ ಕಫ.

"ಯಾಕೆ ನಿಂತ್ಬಿಟ್ಟೆ? ಹನ್ನೊಂದಕ್ಕೆ ಗೆಸ್ಟ್ ಬರ್ತಾರೆ." ಚೈತ್ರಶ್ರೀ ಬಾಗಿಲಲ್ಲಿದ್ದರು.

"ಅಮ್ಮಾ, ಇದು ನಮ್ಮ ಮರಿಗೆ."

"ಹೂಂ ಮತ್ತೆ! ಎಷ್ಟು ಚೆನ್ನಾಗಿ ಕೂತಿದೆ ನೋಡು. ಬಂದೋರೆಲ್ಲ ಮೊದ್ಲು ಇದ್ರ ಫೋಟೋನೇ ತೆಗೆಯೋದು."

"ಇದ್ರಾಗೆ ಉಗೀತಾವ್ರಲ್ಲಮ್ಮ. ನಾಡಿದ್ದು ಹಿರೀಕ್ರ ಹಬ್ಬ ಐತೆ. ಎಡೆ ಕಡುಬಿನ ಹಿಟ್ಟು ಇದ್ರಾಗೇ ನಾದ್ತಿದ್ದಿದ್ದು ನಾವು."

ಚೈತ್ರಶ್ರೀ ನಕ್ಕರು. ಕೆಟ್ಟ ನಗುವೇನಲ್ಲ. "ನಾನು ಬಂದಾಗ ಇದ್ರಲ್ಲಿ ಕೋಳಿ ನೀರು ಕುಡೀತಿತ್ತಲ್ಲ ಚೌಡಮ್ಮ!"

ಸುಳ್ಳಲ್ಲ. ಸೊಸೆ ಚಂದ್ರಿಕಾ ಸ್ಟೀಲ್ ಬೇಸನ್ ತಂದ ಮೇಲೆ ಮರಿಗೆ ಅಂಗಳಕ್ಕೆ ಇಳಿದಿತ್ತು. ಆದರೆ ಹಬ್ಬ ಬಂದರೆ ಚೌಡಮ್ಮನೇ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಒಳಗೆ ಒಯ್ಯುತ್ತಿದ್ದಳು. ಅದನ್ನು ಇವರಿಗೆ ಹೇಗೆ ಹೇಳುವುದು?

"ಕೋಳಿ ಉಗಿಯಕಿಲ್ಲ ಕಣ್ರಮ್ಮ" ಎಂದಳು.

ಚೈತ್ರಶ್ರೀ ಗಡಿಯಾರ ನೋಡಿಕೊಂಡರು. "ಈಗ ಕಿತ್ರೆ ಒಡೆದೇ ಹೋಗುತ್ತೆ. ಅಂಟು ಹಾಕಿ ಕೂರಿಸಿದಾರೆ" ಎಂದು, "ಬೇಗ ತೊಳಿ" ಎನ್ನುತ್ತ ಹೋದರು.

ಬ್ರಷ್ಷಿಗೆ ಕಫ ಬಿಡಲಿಲ್ಲ, ಎಳೆದತ್ತ ಬಂತು. ತಗೊಂಡೋಗಿ ಎಂದ ತನ್ನದೇ ನಾಲಿಗೆಯ ನೆನಪಾಯಿತು ಚೌಡಮ್ಮನಿಗೆ. ಹುಳಿನೀರು ಬಾಯಿಗೆ ನುಗ್ಗಿತು. ಅದನ್ನು ಅಲ್ಲೇ ಉಗಿಯಲಾರದೆ, ತುಟಿ ಬಿಗಿಹಿಡಿದು, ಹಿಂಬಾಗಿಲಿನಿಂದ ಓಡಿಹೋಗಿ ಕಾಫಿಗಿಡದ ಬುಡಕ್ಕೆ ಉಗಿದಳು.

ಕಣ್ಣೊರೆಸಿಕೊಂಡಾಗ ಕಂಡಿದ್ದು ಕೆಲಸ ಮುಗಿಸಿದವರು ಸುರಿದು ಹೋದ ಟೈಲ್ಸ್ ಚೂರುಗಳ ಗುಡ್ಡೆ. ಅದರಲ್ಲಿ ಒಂದು ದುಂಡನೆಯ ಕಲ್ಲು. ಮರಿಗೆಯ ತಳಕ್ಕೆ ತೂತು ಕೊರೆದಾಗ ಉದುರಿದ ಬಿಲ್ಲೆ. ಒಂದು ಮೈ ಕಪ್ಪಗೆ ಮಿರುಗುತ್ತಿತ್ತು, ಕೊಯ್ದ ಅಂಚು ಬೂದಿಯ ಹಾಗೆ ಬೆಳ್ಳಗಿತ್ತು. ಮೂಸಿದಳು. ಮಣ್ಣಿನ ವಾಸನೆ ಬಿಟ್ಟರೆ ಏನೂ ಇಲ್ಲ. ಉಗಿಯುವವರು ಬರುವುದಕ್ಕೆ ಮೊದಲೇ ಬೇರೆಯಾದದ್ದು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಒಳಗೆ ಹೋಗಿ, ಬ್ರಷ್ ಬದಿಗಿಟ್ಟು, ಮರಿಗೆಯನ್ನು ಬರಿಗೈಯಲ್ಲಿ ತೊಳೆದಳು.

ಹಬ್ಬದ ದಿನ ಚಂದ್ರಿಕಾ ಸ್ಟೀಲ್ ಬೇಸನ್ನಿನಲ್ಲೇ ಹಿಟ್ಟು ನಾದಿದಳು. ಕೋಳಿಸಾರು ಕುದಿಯುತ್ತಿತ್ತು. ಅಂಗಳದಲ್ಲಿ ಉಳಿದ ಹೇಂಟೆಗಳು ಪೇಂಟ್ ಡಬ್ಬಿಯ ಮುಚ್ಚಳದಿಂದ ನೀರು ಕುಡಿಯುತ್ತಿದ್ದವು.

"ಅದೇನತ್ತೆ, ಎಡೆ ಎಲೇಲಿ ಕಲ್ಲು ಮಡಗಿದ್ದೀರಾ?"

"ಇರ್ಲಿ, ಸುಮ್ಕಿರು."

ಚೌಡಮ್ಮ ಮೊದಲ ಕಡುಬನ್ನು ತೆಗೆದು ಬಿಲ್ಲೆಯ ಮೇಲಿಟ್ಟಳು. ಒಂದೇ ಒಂದು ಕೂತಿತು. ಅದೂ ಉರುಳಿ ಹೋಗದ ಹಾಗೆ, ಚಂದ್ರಿಕಾ ದೀಪ ಹಚ್ಚುವವರೆಗೆ, ಅದರ ಬಿಸಿಗೆ ಸುಡುವ ಬೆರಳನ್ನು ತೆಗೆಯದೆ ಹಿಡಿದುಕೊಂಡೇ ಕೂತಿದ್ದಳು.