ಸೆಕೆಂಡಿಗೆ ನೂರು ಸಾಕು

ಸ್ಫಾಕ್ಸ್ ಬಸ್ ಡಿಪೋದ ಚಾಲಕ ಮಬ್ರೂಕ್‌ಗೆ ಅದು ಒಂದೇ ತಿಂಗಳಲ್ಲಿ ಬಂದ ಮೂರನೆಯ ನೋಟಿಸು. ಇಪ್ಪತ್ತಾರು ವರ್ಷ ಬಸ್ ಓಡಿಸಿದ ಮನುಷ್ಯ. ಸಂಜೆಯ ಸರದಿ ಮುಗಿಸಿ, ಏದುಸಿರು ಬಿಡುತ್ತಾ ಮೇಲಿನ ಮಹಡಿಗೆ ಹತ್ತಿ, ಡಿಪೋದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಓಲ್ಫಾಳ ಮೇಜಿನ ಮೇಲೆ ಅದನ್ನು ಇಟ್ಟ.

"ನೋಡು ಮಗಳೇ, ನಾನು ಐದು ನಿಮಿಷ ತಡ ಅಂತೆ. ನಿನ್ನ ಯಂತ್ರ ಹೇಳ್ತದೆ. ನನ್ನ ವಾಚು ಸುಳ್ಳು, ಮಸೀದಿ ಬಾಂಗೂ ಸುಳ್ಳಾ?"

ಓಲ್ಫಾ ಸಮಯ ಹೇಳುವ ಸೇವೆಗೆ ಫೋನ್ ಮಾಡಿ ಕೇಳಿದಳು. ಯಂತ್ರವೇ ಐದು ನಿಮಿಷ ಮುಂದಿತ್ತು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಹಿಂದಿನ ಚಳಿಗಾಲದಲ್ಲಿ ಹನ್ನೆರಡು ಹಳೆಯ ಸರ್ವರ್‌ಗಳನ್ನು ಒಂದೇ ದೊಡ್ಡ ಯಂತ್ರದೊಳಗೆ ತಂತ್ರಾಂಶದಲ್ಲೇ ಇರುವ ವರ್ಚುವಲ್ ಯಂತ್ರಗಳಾಗಿ ತುಂಬಿದ್ದರು. ಒಂದೊಂದರ ಕರ್ನಲ್ಲೂ, ಎಂದರೆ ಅದನ್ನು ನಡೆಸುವ ತಿರುಳು ತಂತ್ರಾಂಶವೂ, ಸೆಕೆಂಡಿಗೆ ಸಾವಿರ ಸಲ ಎಚ್ಚೆತ್ತು ತನ್ನ ಗಡಿಯಾರವನ್ನು ಮುಂದೊತ್ತಬೇಕು. ಹನ್ನೆರಡೂ ಹೀಗೆ ಪೀಡಿಸಿದರೆ ದೊಡ್ಡ ಯಂತ್ರಕ್ಕೆ ಎಲ್ಲಿಯ ಪುರುಸೊತ್ತು? ಎಬ್ಬಿಸುವ ಮಿಡಿತಗಳಲ್ಲಿ ಕೆಲವು ತಡವಾಗಿ ತಲುಪುತ್ತಿದ್ದವು. ಅವು ತಪ್ಪಿಹೋದವೆಂದುಕೊಂಡು ಕರ್ನಲ್ ತಾನೇ ಲೆಕ್ಕ ತುಂಬಿಕೊಳ್ಳುತ್ತಿತ್ತು. ಆಮೇಲೆ ಅವು ಬಂದಾಗ ಮತ್ತೊಮ್ಮೆ ಎಣಿಸುತ್ತಿತ್ತು. ಬೆಳಗಿನ ಜಾವ ಸಮಯ ತಾನಾಗಿ ಸರಿಹೋಗುತ್ತಿದ್ದರಿಂದ ಏಟೆಲ್ಲ ಸಂಜೆಯ ಸರದಿಯವರಿಗೇ ಬೀಳುತ್ತಿತ್ತು.

ಸಾವಿರವನ್ನು ನೂರಕ್ಕೆ ಇಳಿಸಿದರೆ ಮುಗಿಯಿತು.

ಡಿಪೋದ ಮುಖ್ಯಸ್ಥ ಲಮ್ಜೆದ್ ಒಪ್ಪಲಿಲ್ಲ. "ಯಂತ್ರ ಕೊಟ್ಟವ್ರಿಗಿಂತ ನಿಂಗೇ ಜಾಸ್ತಿ ಗೊತ್ತಾ? ಡ್ರೈವರ್‌ಗಳ ಮಾತು ಕೇಳ್ತಾ ಕೂತ್ರೆ ಡಿಪೋ ಕಾಫಿ ಅಂಗಡಿ ಆಗ್ತದೆ."

"ಡ್ರೈವರ್‌ಗಳ ಮಾತಲ್ಲ ಸಾರ್. ನಾನೇ ಅಳೆದು ನೋಡಿದ್ದು."

"ಮುಟ್ಬೇಡ ಅಂದ್ನಲ್ಲ."

ಆ ಮೂರು ನೋಟಿಸುಗಳ ಮೇಲೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಬ್ರೂಕ್‌ನ ವಿಚಾರಣೆ. ಯಾರೂ ಕರೆಯದಿದ್ದರೂ ಓಲ್ಫಾ ಎರಡು ಕಂಪ್ಯೂಟರ್ ಪರದೆಗಳನ್ನು ತಳ್ಳುಗಾಡಿಯಲ್ಲಿ ಉರುಳಿಸಿಕೊಂಡು ಒಳಗೆ ಬಂದಳು. ಹನ್ನೆರಡರಲ್ಲಿ ಎರಡು ಯಂತ್ರಗಳಿಗೆ ಬೆಳಿಗ್ಗೆ ಏಳು ಗಂಟೆಗೆ ಒಂದೇ ಸಮಯ ಕೊಟ್ಟಿದ್ದಳು. ಒಂದನ್ನು ಸಾವಿರದಲ್ಲೇ ಬಿಟ್ಟು, ಇನ್ನೊಂದಕ್ಕೆ ನೂರರ ಕರ್ನಲ್ ಹಾಕಿದ್ದಳು. ಮೊದಲನೆಯದು ಆಗಲೇ ಎರಡು ನಿಮಿಷ ಮುಂದೆ ಓಡಿತ್ತು. ಎರಡನೆಯದು ಗೋಡೆಯ ಗಡಿಯಾರಕ್ಕೆ ಸರಿಯಾಗಿತ್ತು.

ಲಮ್ಜೆದ್‌ನ ಮುಖ ಕೆಂಪೇರಿತು. "ಯಾರನ್ನ ಕೇಳಿ ಮಾಡ್ದೆ?"

"ಯಾರನ್ನೂ ಕೇಳ್ಲಿಲ್ಲ. ಓಲ್ಫಾ ಗರ್ಗೂರಿ ಅಂತ ಬರ್ಕೊಳ್ಳಿ. ಆದ್ರೆ ಮೊದ್ಲು ಇದನ್ನ ನೋಡಿ. ಇಷ್ಟು ದಿನ ನೀವು ಇವ್ರಿಗೆ ಕೊಟ್ಟ ನೋಟಿಸೆಲ್ಲ ಈ ಗಡಿಯಾರದ ಹೆಸ್ರಿಗೆ ಹೋಗ್ಬೇಕಿತ್ತು."

ವಿಚಾರಣೆಯವರು ಪರದೆಗಳ ಮುಂದೆ ಬಗ್ಗಿ ನಿಂತರು. ಮಬ್ರೂಕ್ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತ.

ಅಂದು ಮಧ್ಯಾಹ್ನವೇ ಹತ್ತೊಂಬತ್ತು ಚಾಲಕರ ನೋಟಿಸುಗಳು ರದ್ದಾದವು. ಓಲ್ಫಾಳಿಗೆ ಬೇರೆಯೇ ಒಂದು ಬಂತು: ಶಿಸ್ತು ಮೀರಿದ್ದಕ್ಕೆ ಕ್ಷಮಾಪಣೆ ಬರೆದುಕೊಡಬೇಕು.

"ನನ್ನಿಂದ ನಿನ್ನ ತಲೆಗೆ ಬಂತಲ್ಲ ತಾಯಿ," ಎಂದ ಮಬ್ರೂಕ್. "ಎರಡು ಸಾಲು ಗೀಚಿ ಕೊಟ್ಬಿಡು."

"ಒಂದೇ ಸಾಲು ಸಾಕು ಮಾಮ."

ಅವಳು ಬರೆದಳು: 'ಮಾಡಿದ್ದು ನಿಜ, ಉಳಿದ ಹನ್ನೊಂದು ಯಂತ್ರಗಳಿಗೂ ಈಗ ಅದನ್ನೇ ಮಾಡುತ್ತಿದ್ದೇನೆ.' ಸಹಿ ಹಾಕಿ ಲಮ್ಜೆದ್‌ನ ಕೈಗೇ ಕೊಟ್ಟು, ಮೇಲೆ ಹೋಗಿ ಕೆಲಸಕ್ಕೆ ಕೂತಳು.