ಹತ್ತನೆಯ ವರ್ಷದ ವೋಟು

"ಹಾಲ್ ಆಫ್ ಫೇಮ್ ಬಾಗಿಲಿಗೆ ನೀನು ಬಂದು ನಿಂತ ದಿನ ನನ್ನ ವೋಟು ನಿನಗೇ" ಎಂದು ಹಾರ್ಲನ್ ಡೊಂಬೆಕ್ ಮಾತು ಕೊಟ್ಟದ್ದು ಎಷ್ಟೋ ವರ್ಷಗಳ ಹಿಂದೆ, ಓಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ. ಬೇಸ್‌ಬಾಲ್ ತಂಡದ ಜೊತೆ ಪತ್ರಿಕೆಯ ವರದಿಗೆಂದು ಹೋಗಿದ್ದ. ಇತ್ತ ಮಿಲ್ವಾಕಿಯಲ್ಲಿ ಹೆಂಡತಿ ನೋರೀನ್‌ಗೆ ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ವಿಮಾನದಲ್ಲಿ ಸೀಟಿರಲಿಲ್ಲ. ತಂಡಕ್ಕೆ ಆಗಷ್ಟೇ ಬಂದಿದ್ದ ಹುಡುಗ, ಶಾರ್ಟ್‌ಸ್ಟಾಪ್ ಜಾಗದಲ್ಲಿ ಚೆಂಡು ಹಿಡಿಯುವ ಡೆಲ್ ಮಾಬ್ರಿ, ಅದೇ ವಿಮಾನಕ್ಕೆ ಕಾದಿದ್ದ ತನ್ನ ತಾಯಿಯ ಟಿಕೆಟ್ಟನ್ನು ತಂದು ಇವನ ಕೈಗಿಟ್ಟಿದ್ದ. ಆಕೆ ಆ ರಾತ್ರಿ ಬೆಂಚಿನ ಮೇಲೆ ಮಲಗಿದಳು.

ಆಟಗಾರನ ಕೈಯಿಂದ ಒಂದು ಲೋಟ ಕಾಫಿಯನ್ನೂ ಮುಟ್ಟಬಾರದು ಎಂಬುದು ಪತ್ರಿಕೆಯ ನಿಯಮ. ವಿಮಾನದ ಸೀಟಿನ ವಿಷಯ ನಿಯಮದಲ್ಲಿ ಬರೆದಿರಲಿಲ್ಲ.

"ಇನ್ನೂ ಅದರ ಮುಂದೇ ಕೂತಿದೀಯಾ?" ನೋರೀನ್ ಅಡಿಗೆಮನೆಯ ಮೇಜು ಒರೆಸುತ್ತ ಬಂದು, ಮತಪತ್ರದ ಸುತ್ತ ಮಾತ್ರ ಬಿಟ್ಟು ಒರೆಸಿದಳು. "ವರ್ಷದ ಕೊನೇ ದಿನ, ಪೋಸ್ಟಾಫೀಸು ಇವತ್ತು ಮಧ್ಯಾಹ್ನಕ್ಕೇ ಮುಚ್ತಾರೆ."

"ಗೊತ್ತು."

"ಇವತ್ತಿನ ಠಸ್ಸೆ ಬೀಳದಿದ್ರೆ ಲೆಕ್ಕಕ್ಕೇ ತಗೊಳಲ್ಲ."

"ನೋರೀನ್, ಹಾಕ್ತಾ ಇರೋದು ಇದೇ ಮೊದಲ ಸಲವಾ?"

"ಮೊದಲ ಸಲ ಅಲ್ಲ, ಕೊನೇ ಸಲ. ನಿಂದೂ, ಅವನದೂ."

ನಿಜ. ಬೇಸ್‌ಬಾಲಿನ ಮಹಾನ್ ಆಟಗಾರರ ಗೌರವಮಂದಿರವಾದ ಹಾಲ್ ಆಫ್ ಫೇಮಿನ ಬಾಗಿಲು ತೆಗೆಯುವವರು ಆಟಗಾರರಲ್ಲ, ಆಟವನ್ನು ಬರೆದವರು. ಜೀವಮಾನದಲ್ಲಿ ಒಮ್ಮೆಯೂ ಚೆಂಡಿಗೆ ಬ್ಯಾಟು ತಾಗಿಸದ ನಾನೂರು ಜನ. ಅವರಲ್ಲಿ ಮುಕ್ಕಾಲು ಪಾಲು ಹೂಂ ಅನ್ನಬೇಕು. ಹತ್ತು ವರ್ಷ ಹೆಸರು ಪಟ್ಟಿಯಲ್ಲಿರುತ್ತದೆ, ಆಮೇಲೆ ಉದುರುತ್ತದೆ. ಕೆಲಸ ಬಿಟ್ಟ ಬರಹಗಾರನ ಹಕ್ಕೂ ಹಾಗೆಯೇ ಹತ್ತು ವರ್ಷಕ್ಕೆ ಉದುರುತ್ತದೆ. ಹಾರ್ಲನ್ ಕೆಲಸ ಬಿಟ್ಟಿರಲಿಲ್ಲ. ಪತ್ರಿಕೆ ಅವನನ್ನು ಬಿಟ್ಟಿತ್ತು. ಲೆಕ್ಕಕ್ಕೆ ಎರಡೂ ಒಂದೇ.

ಒಂಬತ್ತು ವರ್ಷ ಅವನು ಮಾಬ್ರಿಗೆ ವೋಟು ಹಾಕಿರಲಿಲ್ಲ. ಮೊದಲನೆಯ ವರ್ಷ ಹಾಕದಿರುವುದು ಸಂಪ್ರದಾಯ: ಎಷ್ಟು ದೊಡ್ಡವನಾದರೂ ಕೊಂಚ ಕಾಯಿಸಬೇಕು, ಕಾಯಿಸುವುದೂ ಒಂದು ಮರ್ಯಾದೆ. ಎರಡನೆಯ ವರ್ಷದಿಂದ ಸಂಪ್ರದಾಯದ ನೆರವಿಲ್ಲದೆ ಕಾಯಿಸಿದ. ಮಾಬ್ರಿಯ ಕೈಗೆ ಸಿಗದ ಚೆಂಡಿಲ್ಲ, ಆದರೆ ಅವನ ಬ್ಯಾಟು ತೆಳು, ಹೊಡೆತ ಕಡಿಮೆ ಎಂದ. ಬ್ಯಾಟು ತೆಳುವಾದರೇನು, ಅಂಥ ಕೈ ಇನ್ನೊಂದಿತ್ತೇ ಎಂದು ತಾನೇ ಪ್ರಶ್ನೆ ಹಾಕಿ, ಉತ್ತರವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡ. ಪ್ರತಿ ನವೆಂಬರಿನಲ್ಲಿ ರೇಡಿಯೋದವರು ಫೋನು ಮಾಡಿ 'ಹಿರಿಯ ಮತದಾರ ಡೊಂಬೆಕ್' ಎನ್ನುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಅವನಿಗೆ ಫೋನು ಮಾಡುತ್ತಿದ್ದವರು ಹಲ್ಲಿನ ಡಾಕ್ಟರ ಕಡೆಯವರು.

ಕಳೆದ ವರ್ಷ ಮಾಬ್ರಿಗೆ ಬೆರಳೆಣಿಕೆಯಷ್ಟು ವೋಟು ಕಡಿಮೆ ಬಿದ್ದಿತ್ತು.

ಹಾಕಿದರೆ ಅದು ತೀರ್ಪೋ, ಸೀಟಿನ ಬಾಡಿಗೆಯೋ? ಹಾಕದಿದ್ದರೆ ನ್ಯಾಯನಿಷ್ಠೆಯೋ, ದ್ರೋಹವೋ? ಹಾರ್ಲನ್ ಇದನ್ನು ಬಹಳ ಆಳವಾದ ಸಮಸ್ಯೆ ಎಂದುಕೊಂಡಿದ್ದ. ಆಳವಾದ ಸಮಸ್ಯೆಯಿರುವ ಮನುಷ್ಯನಿಗೆ ಬೆಳಿಗ್ಗೆ ಏಳಲು ಒಂದು ಕಾರಣವಿರುತ್ತದೆ.

ಲಕೋಟೆಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಹೊರಟ. ಅಂಚೆ ಕಚೇರಿ ಎಡಕ್ಕೆ. ಸ್ಟಾಶ್‌ನ ಬಾರು ಬಲಕ್ಕೆ. ಶುಕ್ರವಾರವಾದ್ದರಿಂದ, ಊರಿನ ರೂಢಿಯಂತೆ, ಹುರಿದ ಮೀನಿನ ವಾಸನೆ ಬೀದಿಯ ತುದಿಗೇ ಬಂದಿತ್ತು.

"ಬನ್ನಿ, ನ್ಯಾಯಾಧೀಶರೇ," ಸ್ಟಾಶ್ ಕೇಳದೆಯೇ ಬ್ರಾಂದಿ ಬೆರೆಸತೊಡಗಿದ. "ತೀರ್ಪು ಬರೆದಾಯ್ತಾ? ಇಲ್ಲಾ ಪಾಪ, ಅವನು ಸತ್ತ ಮೇಲೇ ಕೊಡ್ತೀರಾ?"

"ಯೋಚಿಸ್ತಾ ಇದೀನಿ."

"ಒಂಬತ್ತು ವರ್ಷ ಯೋಚಿಸಿದೀಯಲ್ಲೋ. ನಾನು ಮದುವೆಗೆ ಅಷ್ಟು ಯೋಚಿಸಿರಲಿಲ್ಲ."

"ಅದಕ್ಕೇ ಎರಡು ಸಲ ಆಯ್ತು."

ಸ್ಟಾಶ್ ನಗಲಿಲ್ಲ. ಮೀನಿನ ತಟ್ಟೆಯನ್ನು ತಂದು ಕುಕ್ಕಿದ. "ಅವನ ಆಟ ನೋಡೋಕೆ ನಮ್ಮಪ್ಪನ ಗಾಲಿಕುರ್ಚಿ ತಳ್ಕೊಂಡು ಹೋಗಿದ್ದೆ ಕಣೋ. ಬ್ಯಾಟು ತೆಳುವಂತೆ."

ಫೋನು ಗುಣುಗುಟ್ಟಿತು. ಮಾಬ್ರಿ. ಪಟ್ಟಿಯಲ್ಲಿರುವವನು ಮತದಾರನಿಗೆ ಫೋನು ಮಾಡುವ ಪದ್ಧತಿಯಿಲ್ಲ. ಒಂಬತ್ತು ವರ್ಷ ಅವನು ಮಾಡಿಯೂ ಇರಲಿಲ್ಲ.

"ಡೊಂಬೆಕ್ ಸರ್, ಅದರ ವಿಷಯಕ್ಕೆ ಮಾಡಿಲ್ಲ ನಾನು," ಅರ್ಕನ್ಸಾದ ಎಳೆದೆಳೆದ ಮಾತು ಇನ್ನೂ ಹಾಗೇ ಇತ್ತು. "ಅದನ್ನ ಕೇಳೋದು ಸರಿಯಲ್ಲ."

"ಸರಿಯಲ್ಲ, ಹೌದು."

"ಅಮ್ಮಂಗೆ ಹುಷಾರಿಲ್ಲ. ಮಂಪರಲ್ಲಿ ಹಳೇದೆಲ್ಲಾ ನೆನೆಸ್ಕೊತಾರೆ. ಬೆಳಿಗ್ಗೆಯಿಂದ ಒಂದೇ ಕೇಳ್ತಿದಾರೆ: ಅವತ್ತು ಆ ಪೇಪರಿನವನು ಮನೆ ಮುಟ್ಟಿದ್ನಾ, ಮಗು ಹುಟ್ಟೋ ಹೊತ್ತಿಗೆ?"

ಹಾರ್ಲನ್ ತಟ್ಟೆಯ ನಿಂಬೆಹೋಳು ನೋಡಿದ. ಮಗಳು ಮೋನಾ ಪೋರ್ಟ್‌ಲೆಂಡಿನಲ್ಲಿ ಗಿಡ ಮಾರುತ್ತಾಳೆ. ಬೇಸ್‌ಬಾಲ್ ಎಂದರೆ ಅವಳಿಗೆ ಆಕಳಿಕೆ.

"ಮುಟ್ಟಿದೆ ಅಂತ ಹೇಳಿ."

"ಹೇಳ್ತೀನಿ ಸರ್." ಆಮೇಲೆ, "ನಾಳೆ ಹೊಸ ವರ್ಷಕ್ಕೆ ಶುಭಾಶಯ" ಅಂದ.

"ನಿಮಗೂ."

ಅಷ್ಟೇ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಕಾಲು ಗಂಟೆಯಿತ್ತು. ನಡೆದರೂ ತಲುಪಬಹುದಿತ್ತು. ಹಾರ್ಲನ್ ಇನ್ನೊಂದು ಬ್ರಾಂದಿ ಹೇಳಿದ. ಅದನ್ನು ನಿಧಾನವಾಗಿ, ಪೂರ್ತಿಯಾಗಿ ಕುಡಿದ. ಗಡಿಯಾರ ಹನ್ನೆರಡು ದಾಟಿ, ತನ್ನ ಪಾಡಿಗೆ ತಾನು ನ್ಯಾಯ ತೀರಿಸಿತು.

ಎಲ್ಲ ಮುಗಿದ ಮೇಲೆ ಮನಸ್ಸು ವಿಚಿತ್ರವಾಗಿ ಹಗುರವಾಯಿತು. ಪೆನ್ನು ತೆಗೆದು, ಮಾಬ್ರಿಯ ಹೆಸರಿನ ಪಕ್ಕದ ಚೌಕದಲ್ಲಿ ಒಪ್ಪಿಗೆಯ ಗುರುತಾದ ದಪ್ಪನೆಯ ಗುಣಾಕಾರ ಚಿಹ್ನೆ ಹಾಕಿ ಸಹಿ ಮಾಡಿದ. ಈಗ ಎಲ್ಲರೂ ಮಾಡುವಂತೆ ಮತಪತ್ರದ ಫೋಟೋ ತೆಗೆದು ಊರಿಗೆಲ್ಲ ಕಾಣುವಂತೆ ಫೋನಿನಲ್ಲಿ ಹಾಕಿದ. 'ಕೊನೆಗೂ' ಎಂದು ಒಂದೇ ಪದ ಬರೆದ. ಇದು ಒಳ್ಳೆಯ ಬರವಣಿಗೆ ಎನ್ನಿಸಿತು.

ಲಕೋಟೆಯ ಬಾಯಿ ಅಂಟಿಸುವಷ್ಟರಲ್ಲಿ ಫೋನಿನ ತುಂಬ ಧನ್ಯವಾದಗಳು. ಸ್ಟಾಶ್ ತನ್ನ ಫೋನು ನೋಡಿ ಕಣ್ಣೊರೆಸಿಕೊಂಡ. ಬ್ರಾಂದಿಗೆ ದುಡ್ಡು ಬೇಡವೆಂದ.

"ನೀನು ದೊಡ್ಡ ಮನುಷ್ಯ ಕಣೋ ಹಾರ್ಲನ್. ಹೋಗು, ಬೇಗ ಪೋಸ್ಟ್ ಮಾಡು."

"ಹೊರಟೆ."

ಬಾರಿನ ಮುಂದಿನ ನೀಲಿ ಅಂಚೆ ಡಬ್ಬಿಯ ಹಣೆಯ ಮೇಲೆ ಚೀಟಿ ಅಂಟಿಸಿದ್ದರು: ಇಂದಿನ ಕೊನೆಯ ತೆರವು ಮಧ್ಯಾಹ್ನ, ಮುಂದಿನದು ಹೊಸ ವರ್ಷದ ರಜೆ ಕಳೆದ ಮೇಲೆ. ಅದು ಅವನಿಗೆ ಗೊತ್ತಿತ್ತು. ಆದರೂ ಗೊತ್ತಿಲ್ಲದವನಂತೆ ಕನ್ನಡಕ ಹಾಕಿಕೊಂಡು ಓದಿದ. ತಡವಾಗಿ ಬಂದ ಮತಪತ್ರ ಪರವೂ ಅಲ್ಲ, ವಿರೋಧವೂ ಅಲ್ಲ. ಅದು ಹುಟ್ಟಿಯೇ ಇಲ್ಲ. ಯಾರದು ಬಂತು, ಯಾರದು ಬರಲಿಲ್ಲ ಎಂದು ಯಾರೂ ಹೇಳುವುದೂ ಇಲ್ಲ. ಇಷ್ಟು ನಿಷ್ಪಕ್ಷಪಾತವಾದ ವೋಟನ್ನು ಯಾರೂ ಹಾಕಿರಲಾರರು.

ಲಕೋಟೆ ಒಳಗೆ ಬಿದ್ದ ಸದ್ದು ಕೇಳಲಿಲ್ಲ. ಎಲ್ಲರೂ ಮಾಡುವಂತೆ, ಬಿದ್ದಿತೋ ಇಲ್ಲವೋ ಎಂದು ನೋಡಲು ಮುಚ್ಚಳವನ್ನು ಮತ್ತೆ ಎಳೆದು ಬಗ್ಗಿದ. ಒಳಗೆ ಕತ್ತಲು. ಚಳಿಗೆ ಅವನ ಉಸಿರು ಹೊಗೆಯಾಗಿ ಆ ಬಾಯಿಗೆ ಹೋಗಿ, ಒಳಗೆ ಜಾಗವಿಲ್ಲವೆನ್ನುವಂತೆ ಮುಖಕ್ಕೇ ಹಿಂತಿರುಗಿತು. ಕೈ ಬಿಟ್ಟ. ಮುಚ್ಚಳ ಪೂರ್ತಿ ಮುಚ್ಚದೆ, ಹೆಪ್ಪುಗಟ್ಟಿ ಅರ್ಧಕ್ಕೇ ನಿಂತಿತು.

ಫೋನಿನಲ್ಲಿ ಮಾಬ್ರಿಯ ಸಂದೇಶ ಬಂದಿತ್ತು: 'ಅಮ್ಮಂಗೆ ಫೋಟೋ ತೋರಿಸಿದೆ ಸರ್.'

ಮನೆಗೆ ಬಂದಾಗ ನೋರೀನ್ ಕೇಳಿದಳು, "ಹಾಕಿದ್ಯಾ?"

"ಹಾಕಿದೆ."

ಕೊಟ್ಟ ಮಾತು ನಡೆಸಿದ್ದ.